ತೊಗರಿ ಕಟ್ಟಿಗಿಲೆ ಕರೆಂಟ್ ಮಾಡೋ 40 ಕಿಲೋವ್ಯಾಟ್ ಪ್ಲಾಂಟ್, ಲೆಕ್ಕ ಕೂಡ್ತದೇನ್ರಿ?

ಜೇವರ್ಗಿ_ತೊಗರಿ

ಎಲ್ಲಾರಿಗೂ ನಮಸ್ಕಾರ್ರಿ. ಜೇವರ್ಗಿ ತಾಲೂಕಿನ ಒಂದ್ ಹಳ್ಳಿಯಾಗ ನಾವ್ 11 ಮಂದಿ ರೈತ್ರು ಕೂಡಿ ಎರಡ್ ವರ್ಷದಿಂದ ಸಣ್ಣ ದಾಲ್ ಮಿಲ್ ನಡಸ್ಲಕತ್ತೀವಿ. ಜನವರಿಯಿಂದ ಮೇ ತನಕ ಸೀಸನ್. ಕರೆಂಟ್ ಹೋದಾಗ ಜನರೇಟರ್ ಹಚ್ತೀವಿ, ಡೀಸೆಲ್ ಖರ್ಚ್ ನೋಡಿ ಹೈರಾಣ ಆಗೀವಿ. ಆ ಕಡಿ ನೋಡಿದ್ರ ನಮ್ಮದೇ 90 ಎಕರೆ ತೊಗರಿ ಅದ, ರಾಶಿ ಮಾಡಿದ ಮ್ಯಾಲ ಕಟ್ಟಿಗಿ ಬದುವಿನ ಮ್ಯಾಲ ಒಟ್ಟಿ ಇಡ್ತೀವಿ, ಮೊದಲ ಎಲ್ಲಾ ಒಲಿಗಿ ಹೋಗ್ತಿತ್ತು, ಈಗ ಮನಿ ಮನಿಗಿ ಸಿಲಿಂಡರ್ ಬಂದದ, ಹಂಗಾಗಿ ಅರ್ಧಕ್ಕರ್ಧ ಹೊಲದಾಗೇ ಸುಡ್ತಾರ. ಅದನ್ನ ನೋಡಿದ್ರ ಹೊಟ್ಟಿ ಉರೀತದ್ರಿ ಖರೇನೇ.

ಹೋದ ತಿಂಗಳ ಒಬ್ರು ಏಜೆಂಟ್ ಬಂದಿದ್ರು. 40 ಕಿಲೋವ್ಯಾಟ್ ಗ್ಯಾಸಿಫೈಯರ್ (ಕಟ್ಟಿಗಿಯಿಂದ ಉರಿಯೋ ಗ್ಯಾಸ್ ಮಾಡೋ ಭಟ್ಟಿ), ಇಂಜಿನ್, ಶೆಡ್ ಎಲ್ಲಾ ಸೇರಿ 28 ಲಕ್ಷ ಅಂದ್ರು. ಯೂನಿಟ್ಟಿಗೆ 4 ರೂಪಾಯಿದಾಗ ಕರೆಂಟ್ ತಯಾರ್ ಆಗ್ತದ, ಉಳಿದದ್ದು ಗ್ರಿಡ್ಡಿಗೆ ಮಾರ್ರಿ, ಐದ್ ವರ್ಷದಾಗ ರೊಕ್ಕ ವಾಪಸ್ ಅಂದ್ರು. ನಮ್ಮ ಹುಡುಗ್ರು ಎಲ್ಲಾ ಹೂಂ ಅಂದಾರ, ಬ್ಯಾಂಕಿನಾಗ ಮಾತಾಡೋ ತನಕ ಬಂದದ. ಸಹಿ ಮಾಡೋ ಮೊದಲ ತಿಳಿದವ್ರನ್ನ ಕೇಳ್ಬೇಕಂತ ಬರ್ದೀನಿ. ಯಾರರ ಇದನ್ನ ನಡಸಿ ನೋಡೀರೇನು?

ಬೀದರ್_ಬಾಯ್ಲರ್

ನಾನು ಬೀದರ್ ಜಿಲ್ಲಾದಾಗ ಒಂದು ಸಕ್ಕರಿ ಕಾರ್ಖಾನಿ ಕೋಜನ್‌ನಾಗ (ಕಾರ್ಖಾನಿಗಿ ಹಬಿ, ಕರೆಂಟ್ ಎರಡೂ ಮಾಡೋ ಘಟಕ) 18 ವರ್ಷ ಬಾಯ್ಲರ್ ಮ್ಯಾಲ ದುಡ್ದೀನಿ. ಮೊದಲ ಒಂದು ಮಾತು ತಿಳ್ಕೋರಿ, ನಮ್ಮ ಕಾರ್ಖಾನಿದಾಗ ಸಿಪ್ಪಿಲೆ ಕರೆಂಟ್ ಮಾಡ್ತಾರ, ಲಾಭ ಭೀ ಆಗ್ತದ, ಅದನ್ನ ನೋಡಿ ಸಣ್ಣದ್ರಾಗೂ ಹಂಗೇ ಆಗ್ತದಂತ ಭಾಳ ಮಂದಿ ತಿಳ್ಕೋತಾರ. ಅಲ್ಲಿ ಕಬ್ಬಿನ ಸಿಪ್ಪಿ ತರಿಸೋ ಖರ್ಚೇ ಇಲ್ಲ, ಕಬ್ಬಿನ ಜೋಡಿ ಗೇಟ್ ತನಕ ಬಂದೇ ಬಿಟ್ಟಿರ್ತದ. ಟರ್ಬೈನ್ ತಿರುಗಿಸಿದ ಹಬಿ ಮತ್ತ ರಸ ಕುದಿಸಲಾಕ ಹೋಗ್ತದ, ಒಂದೇ ಉರಿಲೆ ಎರಡು ಕೆಲಸ. ನಿಮಗ ಎರಡೂ ಇಲ್ಲ.

ಕಿಲೋವ್ಯಾಟ್ ಲೆಕ್ಕದಾಗ ಬಾಯ್ಲರ್-ಟರ್ಬೈನ್ ನಡ್ಯಂಗಿಲ್ಲ, ಅದಕ್ಕೇ ಗ್ಯಾಸಿಫೈಯರ್. ಕಟ್ಟಿಗಿಗಿ ಗಾಳಿ ಕಮ್ಮಿ ಕೊಟ್ಟು ಅರೆಬರೆ ಸುಟ್ರ ಕಾರ್ಬನ್ ಮೊನಾಕ್ಸೈಡ್ ಮತ್ತ ಹೈಡ್ರೋಜನ್ ಇರೋ ಗ್ಯಾಸ್ ಬರ್ತದ, ಎರಡೂ ಸೇರಿ ಹತ್ತಿರ ಹತ್ತಿರ 40 ಪರ್ಸೆಂಟ್ ಹಿಡೀರಿ, ಉಳಿದದ್ರಾಗ ಜಾಸ್ತಿ ನೈಟ್ರೋಜನ್, ಅದು ಉರಿಯೋದೇ ಇಲ್ಲ. ಹಂಗಾಗಿ ಗ್ಯಾಸಿನ ತಾಕತ್ತು ಕಮ್ಮಿ. ಬರಾಬರ್ ಒಣಗಿದ ಕಟ್ಟಿಗಿ ಆದ್ರ ಒಂದು ಯೂನಿಟ್ಟಿಗೆ 1.3 ಕಿಲೋ ಆಸುಪಾಸು ಬೇಕು. ಕಟ್ಟಿಗ್ಯಾಗಿನ ಶಕ್ತಿದಾಗ 18 ಪರ್ಸೆಂಟ್ ಕರೆಂಟ್ ಆದ್ರ ಅದೇ ಛಲೋ ಅನ್ಬೇಕು.

ಲೆಕ್ಕ ಹಾಕಿ ಕೊಡ್ತೀನಿ, ಆದ್ರ ಮೂರು ನಂಬರ್ ಬೇಕು. ಮಿಲ್ಲಿನ ಲೋಡ್ ಎಷ್ಟು, ವರ್ಷಕ್ಕ ಎಷ್ಟು ದಿನ ಎಷ್ಟು ತಾಸು ನಡೀತದ, ಅದ್ರಾಗ ಕರೆಂಟ್ ಇರಲಾರ್ದ ತಾಸು ಎಷ್ಟು.

ಜೇವರ್ಗಿ_ತೊಗರಿ

ಸರ್, ಲೋಡ್ ಸರಾಸರಿ 22 ಕಿಲೋವ್ಯಾಟ್. ದಿನಕ್ಕ 8 ತಾಸು, ವರ್ಷಕ್ಕ 130 ದಿನ. ಕರೆಂಟ್ ಹೋಗೋದು ದಿನಕ್ಕ 2 ತಾಸು ಅನ್ರಿ, ಒಂದೊಂದ್ ದಿನ ಏನೂ ಹೋಗಂಗಿಲ್ಲ, ಒಂದೊಂದ್ ದಿನ ಮಧ್ಯಾಹ್ನ ಪೂರಾ ಇರಂಗಿಲ್ಲ. ಕರೆಂಟ್ ಬಿಲ್ ಫಿಕ್ಸೆಡ್ ಚಾರ್ಜ್ ಎಲ್ಲಾ ಹಿಡಿದು ಯೂನಿಟ್ಟಿಗೆ 8 ರೂಪಾಯಿ ಬೀಳ್ತದ ನಮಗ.

ಶಹಾಪುರ_ಗಿರಣಿ

ಅಣ್ಣಾ, ಸಹಿ ಮಾಡಬ್ಯಾಡ್ರಿ. ಲೆಕ್ಕ ಆಮ್ಯಾಲ ನೋಡ್ರಿ, ಮೊದಲ ನನ್ನ ಕಥಿ ಕೇಳ್ರಿ.

ನಮ್ಮದು ಯಾದಗಿರಿ ಜಿಲ್ಲಾ ಶಹಾಪುರ ಕಡಿ ಅಕ್ಕಿ ಗಿರಣಿ. ನಾರಾಯಣಪುರ ಎಡದಂಡೆ ಕಾಲುವಿ ನೀರು ಬಂದ ಮ್ಯಾಲ ಈ ಕಡಿ ಭತ್ತ ಎಷ್ಟು ಬೆಳೀತಾರ ಅಂತ ನಿಮಗೆಲ್ಲಾ ಗೊತ್ತೇ ಅದ. ಹೊಟ್ಟು ಗುಡ್ಡಾ ಗುಡ್ಡಾ ಬೀಳ್ತಿತ್ತು, ಒಯ್ಯಲಾಕ ನಾವೇ ರೊಕ್ಕ ಕೊಡ್ತಿದ್ವಿ. ಹಂಗಾಗಿ ಒಂದು ಗ್ಯಾಸಿಫೈಯರ್ ಹಾಕ್ಸಿದ್ವಿ, ಹಳೇ ಡೀಸೆಲ್ ಇಂಜಿನ್ನಿಗೇ ಗ್ಯಾಸ್ ಕೂಡ್ಸಿ. ಮೊದಲ ಎರಡು ತಿಂಗಳು ಏನು ಖುಷಿ ಅಂತೀರಿ, ಡೀಸೆಲ್ ಮುಕ್ಕಾಲು ಪಾಲು ಉಳೀತು, ಊರಾಗಿನ ಮಂದಿ ಎಲ್ಲಾ ಬಂದು ನೋಡಿ ಹೋಗ್ತಿದ್ರು.

ಆಮ್ಯಾಲ ಟಾರ್ ಶುರು ಆತು. ಗ್ಯಾಸಿನ ಜೋಡಿ ಡಾಂಬರಿನಂಥದ್ದು ಬರ್ತದ, ಬಿಸಿ ಇದ್ದಾಗ ಹಬಿ, ತಣ್ಣಗಾದ್ರ ಅಂಟು. ಪೈಪಿನಾಗ, ಫಿಲ್ಟರ್‌ನಾಗ, ವಾಲ್ವಿನಾಗ ಎಲ್ಲಾ ಕೂಡ್ತದ. ರಾತ್ರಿ ಬಂದ್ ಮಾಡಿ ಮುಂಜಾನಿ ಶುರು ಮಾಡಬೇಕಂದ್ರ ವಾಲ್ವ್ ಹಿಡ್ಕೊಂಡು ಬಿಟ್ಟಿರ್ತಿತ್ತು, ಹೆಡ್ ಬಿಚ್ಚಬೇಕು. ವಾರಕ್ಕೊಮ್ಮಿ ಫಿಲ್ಟರ್‌ನಾಗಿನ ಮರಳು, ಕಟ್ಟಿಗಿ ಪುಡಿ ತಗ್ದು ಹೊಸದು ತುಂಬಬೇಕು. ಗ್ಯಾಸ್ ತೊಳ್ಯೋ ನೀರು ಕರ್ರಗ ಆಗಿ ಮೂಗು ಮುಚ್ಕೊಳ್ಳೋ ಹಂಗ ನಾರ್ತದ, ಅದನ್ನ ಎಲ್ಲಿ ಬಿಡೋದು? ಕಾಲುವಿಗಿ ಬಿಟ್ರ ಕೆಳಗಿನ ಹೊಲದವ್ರು ಸುಮ್ಮ ಕೂಡ್ತಾರೇನು, ಕೂಡಲೂ ಬಾರ್ದು, ಅದರಾಗ ಫಿನಾಲ್ ಇರ್ತದ, ವಿಷ ಅದು. ತಗ್ಗು ತೋಡಿಸಿ ಸುತ್ತಲೂ ಸಿಮೆಂಟ್ ಮಾಡ್ಸಿದ್ವಿ, ಆ ಖರ್ಚು ಕೊಟೇಶನ್‌ನಾಗ ಇರ್ಲೇ ಇಲ್ಲ. ಹೊಟ್ಟಿನಾಗ ಬೂದಿ ಭಾಳ, 20 ಪರ್ಸೆಂಟ್ ಹತ್ತಿರ, ಅದ್ರಾಗ ಸಿಲಿಕಾ, ಉರಿ ಜಾಸ್ತಿ ಆದ್ರ ಕರಗಿ ಗಟ್ಟಿ ಕೂಡ್ತದ, ಕಬ್ಬಿಣದ ಸಳಿಲೆ ಹೊಡ್ದು ತಗೀಬೇಕು.

ಎರಡು ವರ್ಷ ನಡ್ಸಿ ಬಂದ್ ಮಾಡಿದ್ವಿ. ಮಾರಿದವ್ರು ಮೊದಲ ವರ್ಷ ಫೋನ್ ಎತ್ತಿದ್ರು, ಎರಡನೇ ವರ್ಷ ಎತ್ತಲಿಲ್ಲ. ಈಗ ಹೊಟ್ಟು ಮಾರ್ತೀವಿ, ಕೊಳ್ಳೋರೇ ಲಾರಿ ತಂದು ರೊಕ್ಕ ಕೊಟ್ಟು ಒಯ್ತಾರ.

ಜೇವರ್ಗಿ_ತೊಗರಿ

ಶಹಾಪುರದ ಅಣ್ಣಾವ್ರ, ಓದಿ ಎದಿ ಧಸಕ್ ಅಂತು. ಆದ್ರ ತೊಗರಿ ಕಟ್ಟಿಗ್ಯಾಗ ಬೂದಿ ಅಷ್ಟಿರಂಗಿಲ್ಲಲ್ರಿ? ಏಜೆಂಟ್ ಅದನ್ನೇ ಹೇಳ್ದ, ಕಟ್ಟಿಗಿ ಹಾಕಿದ್ರ ಟಾರ್ ಭೀ ಕಮ್ಮಿ ಅಂತ.

ಬೀದರ್_ಬಾಯ್ಲರ್

ಆ ಮಾತು ಖರೇ ಅದ. ತೊಗರಿ ಕಟ್ಟಿಗಿ ಗಟ್ಟಿ, ಬೂದಿ ಕಮ್ಮಿ, ಮ್ಯಾಲಿಂದ ಕೆಳಗ ಗ್ಯಾಸ್ ಎಳಿಯೋ ನಮೂನಿ ಗ್ಯಾಸಿಫೈಯರ್‌ದಾಗ ಬೆಂಕಿ ನಡುವಿಂದ ಹಾಯ್ದು ಬರೋದ್ರಿಂದ ಟಾರ್ ಭಾಳಷ್ಟು ಒಡೀತದ. ಆದ್ರ ಎರಡು ಶರತ್ತು. ತುಂಡು ಒಂದೇ ಸೈಜ್ ಇರಬೇಕು, ತೇವ 15 ಪರ್ಸೆಂಟಿನ ಒಳಗ ಇರಬೇಕು. ಉದ್ದ ಕಟ್ಟಿಗಿ ಹಾಕಿದ್ರ ನಡುವ ಸಿಕ್ಕೊಂಡು ಪೊಳ್ಳು ಬೀಳ್ತದ, ಅಲ್ಲಿಂದ ಟಾರ್ ಸೀದಾ ಇಂಜಿನ್ನಿಗಿ.

ಈಗ ಲೆಕ್ಕ. ಡೀಸೆಲ್ ಲೀಟರ್‌ಗೆ 90 ಹಿಡೀರಿ, ಲೀಟರ್‌ಗೆ 3.2 ಯೂನಿಟ್ ಬರ್ತದ ಅಂದ್ರ ಯೂನಿಟ್ಟಿಗೆ 28 ರೂಪಾಯಿ. ದಿನಕ್ಕ 2 ತಾಸು, 44 ಯೂನಿಟ್, 130 ದಿನ. ವರ್ಷದ ಡೀಸೆಲ್ ಖರ್ಚು 1 ಲಕ್ಷ 60 ಸಾವಿರ ಆಸುಪಾಸು. ಕಟ್ಟಿಗಿ ಪುಕ್ಕಟ್ಟೆ, ಆಳು ಪುಕ್ಕಟ್ಟೆ, ಇಂಜಿನ್ ಎಂದೂ ಕೆಡಂಗಿಲ್ಲ ಅಂತ ಹಿಡಿದ್ರೂ ನಿಮಗ ಉಳಿಯೋದು ಅಷ್ಟೇ. 28 ಲಕ್ಷ ಸಾಲ, 10.5 ಪರ್ಸೆಂಟ್ ಬಡ್ಡಿ, 7 ವರ್ಷ ಅಂದ್ರ ಕಂತು ತಿಂಗಳಿಗೆ 47 ಸಾವಿರ, ವರ್ಷಕ್ಕ 5 ಲಕ್ಷ 66 ಸಾವಿರ.

ಇರ್ಲಿ, ಎಂಟೂ ತಾಸು ಗ್ಯಾಸಿಫೈಯರ್ ಮ್ಯಾಲೇ ನಡಸ್ತೀವಿ ಅನ್ರಿ. ದಿನಕ್ಕ 176 ಯೂನಿಟ್. ಪ್ಲಾಂಟಿನ ಪಂಪು, ಬ್ಲೋವರ್ ತಾವೇ ಒಂದು ಹತ್ತು ಪರ್ಸೆಂಟ್ ತಿಂತಾವ, ಅದನ್ನೂ ಸೇರ್ಸಿದ್ರ ದಿನಕ್ಕ 250 ಕಿಲೋ ಕಟ್ಟಿಗಿ, ಕಡ್ದು ಒಣಗಿಸಿ ತಂದು ಹಾಕಲಾಕ ಕಿಲೋಗೆ 3 ರೂಪಾಯಿ ಅಂದ್ರೂ 750. ಇಬ್ರು ಆಳು, ತಲಿಗಿ 600, ಅದು 1200. ಆಯಿಲ್, ಫಿಲ್ಟರ್, ರಿಪೇರಿ ಒಂದು 250. ಒಟ್ಟು 2200, ಭಾಗಿಸಿದ್ರ ಯೂನಿಟ್ಟಿಗೆ 12.50. ಇನ್ನಾ ಸಾಲದ ಕಂತು ಮುಟ್ಟಿಲ್ಲ ನಾನು! ಕಂತು ಸೇರ್ಸಿದ್ರ ಅದೊಂದೇ ಯೂನಿಟ್ಟಿಗೆ ಸುಮಾರು 25 ರೂಪಾಯಿ ಬೀಳ್ತದ. ಒಟ್ಟು 37 ಆತು, ಡೀಸೆಲ್‌ಗಿಂತ ತುಟ್ಟಿ.

ಕಟ್ಟಿಗಿ ಖರ್ಚು ಕಂತಿಗಿಂತ, ಆಳಿನ ಪಗಾರಕ್ಕಿಂತ ಸಣ್ಣದು ಅನ್ನೋದು ನೋಡ್ರಿ. ಮಂದಿ ಎಲ್ಲಾ ಕಟ್ಟಿಗಿ ಪುಕ್ಕಟ್ಟೆ ಅದ ಅಂತ ಅದನ್ನೇ ಹಿಡ್ಕೊಂಡು ಕೂಡ್ತಾರ. ಲುಕ್ಸಾನ್ ಮಾಡೋದು ಆಳಿನ ಪಗಾರ ಮತ್ತ ಮಷಿನ್ ಸುಮ್ಮ ನಿಂತ ತಾಸು. ವರ್ಷಕ್ಕ 8760 ತಾಸು, ನಿಮ್ಮದು ನಡ್ಯೋದು 1040, ಅದೂ ಅರ್ಧ ಲೋಡಿನ ಮ್ಯಾಲ. 20 ಕಿಲೋವ್ಯಾಟಿಗೂ ಇಬ್ರು ಆಳು ಬೇಕು, 100 ಕಿಲೋವ್ಯಾಟಿಗೂ ಹೆಚ್ಚು ಕಮ್ಮಿ ಅಷ್ಟೇ ಆಳು ಬೇಕು.

ಭಾಲ್ಕಿ_ಸೋಲಾರ್

ಸಬ್ಸಿಡಿ ಹಿಡೀಲಿಲ್ಲಲ್ರಿ ಸರ್? ಕೇಂದ್ರ ಸರ್ಕಾರದ ಎಂಎನ್ಆರ್‌ಇ (ನವೀಕರಿಸಬಹುದಾದ ಇಂಧನ ಇಲಾಖೆ) ಸ್ಕೀಮಿನಾಗ ಪೂರಾ ಗ್ಯಾಸ್ ಮ್ಯಾಲ ನಡ್ಯೋ ಇಂಜಿನ್ನಿಗೆ ಕಿಲೋವ್ಯಾಟಿಗೆ 15,000 ಅಂತ 2022ರ ಗೈಡ್‌ಲೈನಿನಾಗ ಇತ್ತು. ಡೀಸೆಲ್ ಜೋಡಿ ನಡ್ಯೋದಕ್ಕ ಬರೇ 2,500.

ಬೀದರ್_ಬಾಯ್ಲರ್

ಹಿಡೀರಿ. 40ಕ್ಕ 6 ಲಕ್ಷ. ಸಾಲ 22 ಲಕ್ಷಕ್ಕ ಇಳೀತು, ಕಂತಿನ ಭಾರ 25ರಿಂದ 19.50ಕ್ಕ ಬಂತು. ಒಟ್ಟು 32. ಇನ್ನೂ ಡೀಸೆಲ್‌ಗಿಂತ ಮ್ಯಾಲೇ ಅದ.

ಕಲ್ಪತರು_ಹುಡುಗ

ತುಮಕೂರು ಕಡೆಯೋನು ನಾನು, ಕೆಲಸಕ್ಕೆ ಕಲಬುರಗಿಲಿದ್ದೀನಿ. ಈ ವಿಷಯದಲ್ಲಿ ನಮ್ಮ ಜಿಲ್ಲೆದು ದೊಡ್ಡ ಕಥೆನೇ ಇದೆ. ಹೊಸಹಳ್ಳಿ ಅಂತ ಒಂದು ಸಣ್ಣ ಊರು, ಸುಮಾರು 35 ಮನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಒಳಗೆ ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋ ಅಸ್ತ್ರ ತಂಡದವರು 1988ರಲ್ಲಿ ಅಲ್ಲಿ 3.7 ಕಿಲೋವ್ಯಾಟ್ ಗ್ಯಾಸಿಫೈಯರ್ ಇಟ್ರು, ಆಮೇಲೆ 20 ಕಿಲೋವ್ಯಾಟ್ ಮಾಡಿದ್ರು. ಮನೆಗೆ ದೀಪ, ಕುಡಿಯೋ ನೀರು, ಹಿಟ್ಟಿನ ಗಿರಣಿ, ಹೊಲಕ್ಕೆ ನೀರು ಎಲ್ಲಾ ಅದರಿಂದಾನೇ. ಹತ್ತು ವರ್ಷಕ್ಕೂ ಮೇಲೆ ನಡೀತು, ಸುಮ್ನೆ ಮಾತಲ್ಲ ಅದು. ಆಮೇಲೆ 2001ರಿಂದ ಹಳ್ಳಿಗಳಿಗೆ ಮರ-ಕಸದಿಂದ ಶಕ್ತಿ ಕೊಡೋ ಬೆರಿ ಅಂತ ಪ್ರಾಜೆಕ್ಟು, ಕಬ್ಬಿಗೆರೆಲಿ ಒಟ್ಟು 500 ಕಿಲೋವ್ಯಾಟಿನ ಪ್ಲಾಂಟು, ಗ್ರಿಡ್ಡಿಗೆ ಕರೆಂಟ್ ಕೊಟ್ರು. ಬಾಯ್ಲರ್ ಸರ್ ಹೇಳಿದ 18 ಪರ್ಸೆಂಟು ಅಲ್ಲಿಂದಾನೂ ಬಂದಿರೋ ನಂಬರ್ರೇ, ಯೂನಿಟ್ಟಿಗೆ 1.36 ಕೆಜಿ ಮರ.

ಅಂದ್ರೆ ತಂತ್ರಜ್ಞಾನ ನಡೆಯಲ್ಲ ಅಂತ ಹೇಳೋಕಾಗಲ್ಲ, ನಮ್ಮ ರಾಜ್ಯದಲ್ಲೇ ನಡೆಸಿ ತೋರಿಸಿದ್ದಾರೆ. ಆದ್ರೆ ಆಗಿನ ಕಾಲ ಬೇರೆ. ಈಗ 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟ್ ಫ್ರೀ, 2023ರಿಂದ ಗೃಹಜ್ಯೋತಿಲಿ ಮನೆಗೆ 200 ಯೂನಿಟ್ ತನಕ ಫ್ರೀ, ಊರಲ್ಲಿ ನಿಮ್ಮ 12 ರೂಪಾಯಿ ಕರೆಂಟ್ ಕೊಳ್ಳೋರು ಯಾರಿದ್ದಾರೆ ಹೇಳಿ. ಗ್ರಿಡ್ಡಿಗೆ ಮಾರ್ತೀವಿ ಅಂದ್ರೆ ದೊಡ್ಡ ಸೋಲಾರ್ ಪ್ಲಾಂಟ್‌ಗಳು 3 ರೂಪಾಯಿ ಆಸುಪಾಸಲ್ಲಿ ಕೊಡ್ತಾ ಇರೋವಾಗ ನಿಮಗೆ ಅದಕ್ಕಿಂತ ಎಷ್ಟು ಜಾಸ್ತಿ ಸಿಗಬಹುದು? ಬಿಹಾರದಲ್ಲಿ ಹಸ್ಕ್ ಪವರ್ ಅನ್ನೋರು 2007ರಲ್ಲಿ ಭತ್ತದ ಹೊಟ್ಟಿನ ಮೇಲೆ, ಕರೆಂಟೇ ಇಲ್ಲದ ಊರುಗಳಲ್ಲಿ ಶುರು ಮಾಡಿದ್ರು, ಜನ ಸೀಮೆಎಣ್ಣೆಗೆ ಕೊಡ್ತಿದ್ದ ದುಡ್ಡು ಇದಕ್ಕೆ ಕೊಟ್ರು, ಅದಕ್ಕೇ ನಡೀತು. ಅವರೂ ಆಮೇಲೆ ಸೋಲಾರ್ ಸೇರಿಸ್ಕೊಂಡ್ರು.

ಆಳಂದ_ಹೊಲ

ಎಲ್ಲಾರೂ ಯೂನಿಟ್ ಲೆಕ್ಕ ಮಾತಾಡ್ಲಕತ್ತೀರಿ, ಒಬ್ರೂ ಕಟ್ಟಿಗಿ ಯಾರದು ಅಂತ ಕೇಳ್ಲಿಲ್ಲ. ನಾನು ಆಳಂದ ತಾಲೂಕಿನ ಹೆಣ್ಣುಮಗಳು, ನಾನೇ ಹೊಲ ಮಾಡ್ತೀನಿ. ಸಿಲಿಂಡರ್ ಎಲ್ಲಾರ ಮನ್ಯಾಗ ಬಂದದ ಖರೇ, ಆದ್ರ ತುಂಬಿಸಲಾಕ ರೊಕ್ಕ ಎಲ್ಲಾರ ಕೈಯಾಗ ಇಲ್ಲ. ಹೊಲ ಇಲ್ಲದವ್ರು ತೊಗರಿ ರಾಶಿ ಆದ ಮ್ಯಾಲ ಬಂದು ತಲಿ ಮ್ಯಾಲ ಹೊರಿ ಹೊತ್ತು ಒಯ್ತಾರ, ರೊಟ್ಟಿ ಬಡ್ಯೋದು, ಮೈತೊಳ್ಯಾಕ ನೀರು ಕಾಸೋದು ಎಲ್ಲಾ ಅದ್ರ ಮ್ಯಾಲೇ. ಅವ್ರನ್ನ ನಾವು ಎಂದೂ ಬ್ಯಾಡ ಅಂದಿಲ್ಲ, ನಮ್ಮ ಅತ್ತಿ ಕಾಲದಿಂದ ಹಿಂಗೇ ಬಂದದ. ಕಿಲೋಗೆ 3 ರೂಪಾಯಿ ಅಂತ ರೇಟ್ ಬಿದ್ದ ದಿನ ಬದುವಿನ ಮ್ಯಾಲ ಬೇಲಿ ಬೀಳ್ತದ್ರಿ.

ಮತ್ತೊಂದು, 3 ರೂಪಾಯಿದಾಗ ಕಡ್ಯೋ ಆಳು ಸಿಗ್ತಾರಂತ ಯಾರು ಹೇಳಿದ್ರು? ತೊಗರಿ ಕೂಳಿ ಪಾದಕ್ಕ ಚುಚ್ಚಿದ್ರ ತಿಂಗಳಗಟ್ಲೆ ಮಾಯಂಗಿಲ್ಲ. 2022ರಾಗ ನೆಟೆ ರೋಗ ಬಂದಾಗ ನಮ್ಮ ಹೊಲದಾಗ ಗಿಡ ಕಾಯಿ ಕಟ್ಟೋ ಮೊದಲೇ ಒಣಗಿ ನಿಂತ್ವು, ಕಟ್ಟಿಗಿ ಭೀ ಕಡ್ಡಿ ಆಗಿತ್ತು. ಅಂಥ ವರ್ಷ ಮಿಲ್ಲಿಗಿ ತೊಗರಿನೂ ಕಮ್ಮಿ, ಪ್ಲಾಂಟಿಗಿ ಕಟ್ಟಿಗಿನೂ ಕಮ್ಮಿ, ಬ್ಯಾಂಕಿನ ಕಂತು ಮಾತ್ರ ಅಷ್ಟೇ.

ಜೇವರ್ಗಿ_ತೊಗರಿ

ಅಕ್ಕಾ, ನೀವಂದದ್ದು ನಮ್ಮ ಮೀಟಿಂಗಿನಾಗ ಒಬ್ರೂ ಎತ್ತಿರ್ಲಿಲ್ಲ. ನಮ್ಮ ಊರಾಗೂ ಹೊರಿ ಒಯ್ಯೋರು ಅದಾರ. 90 ಎಕರೆಕ್ಕ ಎಕರೆಗೆ 10 ಕ್ವಿಂಟಾಲ್ ಅಂದ್ರೂ 90 ಟನ್ ಕಟ್ಟಿಗಿ, ಪ್ಲಾಂಟಿಗಿ ಬೇಕಾಗೋದು 33 ಟನ್, ಉಳಿದದ್ದು ಅವ್ರಿಗೆ ಸಾಲ್ತದ ಅಂತ ಮನಸ್ಸಿಗೆ ಹಾಕ್ಕೊಂಡಿದ್ದೆ. ಆದ್ರ ರೇಟ್ ಬಿದ್ರ ಉಳಿದದ್ದೂ ಉಳ್ಯಂಗಿಲ್ಲ ಅನ್ನೋದು ಖರೇ.

ಶಹಾಪುರ_ಗಿರಣಿ

ಅಕ್ಕಾವ್ರ ಮಾತಿಗೆ ನನ್ನದೊಂದು ಸೇರ್ಸ್ತೀನಿ. ಹೊಟ್ಟು ಪುಕ್ಕಟ್ಟೆ ಅಂತ ನಾವು ಮಷಿನ್ ತಂದ್ವಿ. ಮಷಿನ್ ಬಂದ ಮ್ಯಾಲ ಹೊಟ್ಟಿಗಿ ರೇಟ್ ಬಂತು. ಈಗ ಉಷ್ಣ ವಿದ್ಯುತ್ ಸ್ಥಾವರದಾಗ ಕಲ್ಲಿದ್ದಲ ಜೋಡಿ 5 ಪರ್ಸೆಂಟ್ ಬಯೋಮಾಸ್ ಪೆಲೆಟ್ (ಬೆಳಿ ಕಸ ಒತ್ತಿ ಮಾಡಿದ ಗುಳಿಗಿ) ಸುಡಬೇಕಂತ ಕೇಂದ್ರ ಸರ್ಕಾರ ನಿಯಮ ಮಾಡ್ಯಾದ. ಸೇಡಂ, ಮಳಖೇಡ, ವಾಡಿ ಕಡಿ ಸಿಮೆಂಟ್ ಭಟ್ಟಿ ಅವ, ಅವಕ್ಕೂ ಕಲ್ಲಿದ್ದಲ ಬದಲಿ ಇಂಥದ್ದು ನಡೀತದ. ನಾಳಿ ಅವ್ರು ಕಟ್ಟಿಗಿ ಕೇಳಿದ್ರ ರೇಟ್ ಕಲ್ಲಿದ್ದಲ ಲೆಕ್ಕಕ್ಕ ನಿಲ್ತದ, ನಿಮ್ಮ ಹುಡುಗ್ರೇ ಪ್ಲಾಂಟ್ ಬಂದ್ ಮಾಡಿ ಕಟ್ಟಿಗಿ ಮಾರೋಣು ಅಂತಾರ.

ಭಾಲ್ಕಿ_ಸೋಲಾರ್

ನಾನು ಸೋಲಾರ್ ಹಾಕೋ ಕೆಲಸ ಮಾಡ್ತೀನಿ, ಅದಕ್ಕ ನನ್ನ ಮಾತು ಸ್ವಲ್ಪ ತೂಗಿ ನೋಡ್ರಿ. ಮಿಲ್ ನಡ್ಯೋದು ಹಗಲಾಗ, ಅದೂ ಜನವರಿಯಿಂದ ಮೇ, ನಮ್ಮ ಕಡಿ ಬಿಸಿಲು ಕೇಳೋದೇ ಬ್ಯಾಡ. ಕಿಲೋವ್ಯಾಟಿಗೆ ದಿನಕ್ಕ 4 ಯೂನಿಟ್ ಮ್ಯಾಲೇ ಬರ್ತದ, ಆಳು ಬ್ಯಾಡ. ಸೀಸನ್ ಇಲ್ಲದಾಗ ನೆಟ್ ಮೀಟರಿಂಗ್ (ಹೆಚ್ಚಾದ ಕರೆಂಟ್ ಗ್ರಿಡ್ಡಿಗೆ ಕೊಟ್ಟು ಬಿಲ್ಲಿನಾಗ ಕಳಿಯೋದು) ಇದ್ರ ಸುಮ್ಮ ಹೋಗಂಗಿಲ್ಲ. ಆದ್ರ ಒಂದು ಮಾತು ಮುಚ್ಚಿಡಂಗಿಲ್ಲ, ಸಾದಾ ಸೋಲಾರ್ ಇನ್ವರ್ಟರ್ ಗ್ರಿಡ್ ಕರೆಂಟ್ ಹೋದ ಕೂಡ್ಲೇ ತಾನೂ ಬಂದ್ ಆಗ್ತದ, ಲೈನ್‌ಮನ್ ಜೀವಕ್ಕ ಅಪಾಯ ಆಗಬಾರ್ದಂತ ಹಂಗೇ ಮಾಡಿರ್ತಾರ. ಜನರೇಟರ್ ಜೋಡಿ ಸಿಂಕ್ ಮಾಡೋ ಕಂಟ್ರೋಲರ್ ಹಾಕಿದ್ರ ಆ ಎರಡು ತಾಸಿನಾಗ ಅರ್ಧದಷ್ಟು ಡೀಸೆಲ್ ಉಳೀತದ. ಪೂರಾ ಬ್ಯಾಟರಿ ಮ್ಯಾಲ 22 ಕಿಲೋವ್ಯಾಟ್ ಮೋಟರ್ ಲೋಡ್ ಅಂದ್ರ ತುಟ್ಟಿ.

ಬೀದರ್_ಬಾಯ್ಲರ್

ಜೇವರ್ಗಿಯವ್ರ, ನೀವು ಕರೆಂಟ್ ಹಿಂದ ಬಿದ್ದೀರಿ, ನಿಮ್ಮ ಮಿಲ್ಲಿಗಿ ಉರಿ ಎಲ್ಲಿ ಬೇಕು ಅಂತ ನೋಡ್ರಿ. ಬ್ಯಾಳಿ ಒಣಗ್ಸೋದು ಹ್ಯಾಂಗ?

ಜೇವರ್ಗಿ_ತೊಗರಿ

ಬಿಸಿಲಿಗಿ ಸರ್. ತೊಗರಿಗಿ ಗೀರು ಹಾಕಿ ಎಣ್ಣಿ ಹಚ್ಚಿ ಗುಂಪಿ ಹಾಕ್ತೀವಿ, ಆಮ್ಯಾಲ ನೀರು ಹಚ್ಚಿ ಅಂಗಳದಾಗ ಹರವ್ತೀವಿ. ಮುಂಜಾನಿ ಹರವೋದು, ಸಂಜಿಗಿ ಎಳ್ಯೋದು, ನಾಕೈದು ದಿನ, ಆರು ಆಳು ಅದಕ್ಕೇ ಬೇಕು. ಹೋದ ಏಪ್ರಿಲ್‌ನಾಗ ಅಡ್ಡಮಳಿ ಬಂದು ಹತ್ತು ಕ್ವಿಂಟಾಲ್ ಮುಗ್ಗಿ ಹೋತು.

ಬೀದರ್_ಬಾಯ್ಲರ್

ಅಲ್ಲೇ ಅದ ನೋಡ್ರಿ ನಿಮ್ಮ ಕಟ್ಟಿಗಿ ಕೆಲಸ. ಒಂದು ಟನ್ ತೊಗರಿ 16 ಪರ್ಸೆಂಟ್ ತೇವದಿಂದ 10ಕ್ಕ ಇಳಿಸಬೇಕಂದ್ರ 67 ಕಿಲೋ ನೀರು ಹೋಗಬೇಕು. ಒಂದು ಕಿಲೋ ನೀರಿಗೆ ಹಾಳಾಗೋದೆಲ್ಲಾ ಹಿಡಿದು 6 ಮೆಗಾಜೌಲ್ ಅನ್ರಿ, ಒಟ್ಟು 400. ಒಣ ಕಟ್ಟಿಗ್ಯಾಗ ಕಿಲೋಗೆ 15 ಮೆಗಾಜೌಲ್, ಸಾದಾ ಭಟ್ಟಿದಾಗ ಅರ್ಧ ಗಾಳಿಗಿ ಹೋದ್ರೂ ಟನ್ನಿಗೆ 55 ಕಿಲೋ ಕಟ್ಟಿಗಿ ಸಾಕು. 165 ರೂಪಾಯಿ. ಟಾರ್ ಗೊಡವಿ ಇಲ್ಲ, ಯಾಕಂದ್ರ ತಣ್ಣಗ ಮಾಡಂಗೇ ಇಲ್ಲ, ಅಲ್ಲೇ ಉರ್ದು ಹೋಗ್ತದ. ಇಂಜಿನ್ ಇಲ್ಲ, ಕರೀ ನೀರಿಲ್ಲ. ಕರೆಂಟ್ ಮಾಡಲಾಕ ಹೋದ್ರ 82 ಪಾಲು ಹಾಳು, 18 ಪಾಲು ಕೈಗಿ. ಉರಿ ಉರಿಯಾಗೇ ಬಳಸಿದ್ರ ಅರ್ಧ ಕೈಗಿ ಬರ್ತದ.

ಹೊಗಿ ಬ್ಯಾಳಿಗಿ ತಾಗಬಾರ್ದು, ಅದು ಮುಖ್ಯ. ಪೈಪಿನ ಒಳಗ ಹೊಗಿ, ಹೊರಗ ಗಾಳಿ, ಆ ಗಾಳಿ ಬ್ಲೋವರ್‌ಲೆ ಬಿನ್ನಿಗಿ. ಗಾಳಿ 60 ಡಿಗ್ರಿ ದಾಟಿಸಬ್ಯಾಡ್ರಿ, ದಾಟಿದ್ರ ಸಿಪ್ಪಿ ಸುಡ್ತದ, ಬ್ಯಾಳಿ ಒಡೀತದ.

ಆಳಂದ_ಹೊಲ

ಟನ್ನಿಗೆ 55 ಕಿಲೋ ಅಂದ್ರ ಹೊರಿ ಒಯ್ಯೋರ ಪಾಲಿಗಿ ಕೈ ಬೀಳಂಗಿಲ್ಲ. ಇದು ನನಗ ಒಪ್ಗಿ ಅದ. ಅಂಗಳದಾಗ ಹರವೋ ಆ ಆರು ಮಂದಿ ಹೆಣ್ಮಕ್ಕಳೇ ಇರಬೇಕಲ್ರಿ? ಅವ್ರ ಕೂಲಿ?

ಜೇವರ್ಗಿ_ತೊಗರಿ

ಹೌದಕ್ಕಾ, ಹೆಣ್ಮಕ್ಕಳೇ. ಈಗ ಮಳಿ ಬಂತಂದ್ರ ಅವ್ರಿಗಿ ಆ ದಿನದ ಕೂಲಿನೂ ಇಲ್ಲ. ಒಣಗ್ಸೋದು ಲಗು ಆದ್ರ ದಿನಕ್ಕ ಜಾಸ್ತಿ ತೊಗರಿ ಒಡೀಬಹುದು, ಆರಿಸೋದು, ಪ್ಯಾಕಿಂಗ್ ಅವ್ರಿಗೇ ಕೊಡಬಹುದು. ಕಲಬುರಗಿ ತೊಗರಿಬ್ಯಾಳಿಗಿ 2019ರಾಗ ಜಿಐ ಟ್ಯಾಗ್ (ಈ ಭಾಗದ್ದೇ ವಿಶೇಷ ಬೆಳಿ ಅನ್ನೋ ಸರ್ಕಾರಿ ಗುರುತು) ಸಿಕ್ಕದ, ನಾವು ಇನ್ನಾ ಚೀಲದಾಗೇ ಮಾರ್ಲಕತ್ತೀವಿ. ಆದ್ರ ನಾ ಒಬ್ಬನೇ ಹೇಳಿದ್ರ ಆಗಂಗಿಲ್ಲ, ಮೀಟಿಂಗಿನಾಗ ಅವ್ರನ್ನೂ ಕರ್ದು ಕೂಡ್ಸ್ತೀನಿ.

ಬ್ಯಾಂಕಿಗಿ ಫೋನ್ ಮಾಡಿ ಸದ್ಯ ಬ್ಯಾಡ ಅಂದೀನಿ. ಇವತ್ತಿನಿಂದ ಮಿಲ್ಲಿನಾಗ ಒಂದು ನೋಟ್‌ಬುಕ್ ಇಟ್ಟೀವಿ, ಕರೆಂಟ್ ಹೋದ ಟೈಮು, ಬಂದ ಟೈಮು, ಹಾಕಿದ ಡೀಸೆಲ್ ಬರೀತೀವಿ. ನಾ ಹೇಳಿದ ಆ 2 ತಾಸು ಬರೇ ಅಂದಾಜು ಇತ್ತು. ಬಾಯ್ಲರ್ ಸರ್, ಭಟ್ಟಿ ಪೈಪಿಗಿ ಎಂಥ ಕಬ್ಬಿಣ ಹಾಕಬೇಕು?

ಬೀದರ್_ಬಾಯ್ಲರ್

ಬೆಂಕಿ ಸೀದಾ ತಾಗೋ ಮೊದಲಿನ ಸಾಲಿಗಿ ದಪ್ಪ ಪೈಪ್, ತೆಳುವು ಹಾಕಿದ್ರ ಎರಡು ಸೀಸನ್ನಿಗಿ ತೂತು ಬೀಳ್ತದ, ಹೊಗಿ ಬ್ಯಾಳಿಗಿ ಹೋಗ್ತದ. ಅದಕ್ಕಿಂತ ಮೊದಲ ಒಂದು ಕೆಲಸ ಮಾಡ್ರಿ. ನಿಮ್ಮ ಬದುವಿನ ಮ್ಯಾಲಿನ ಕಟ್ಟಿಗಿ ಒಂದು ಕಿಲೋ ತೂಕ ಮಾಡಿ, ಸಣ್ಣಗ ಕಡ್ದು, ಓವನ್ ಇದ್ರ 105 ಡಿಗ್ರಿಯಾಗ ಇಡೀ ರಾತ್ರಿ ಇಟ್ಟು ಮತ್ತ ತೂಕ ಮಾಡ್ರಿ. ಎಷ್ಟು ಕಮ್ಮಿ ಆತು ಅಂತ ಇಲ್ಲೇ ಬರೀರಿ, ಡ್ರಾಯಿಂಗ್ ಆಮ್ಯಾಲ ಹಾಕೋಣು.

ಜೇವರ್ಗಿ_ತೊಗರಿ

ಮಗಳು ಡಿಗ್ರಿ ಕಾಲೇಜಿನಾಗ ಓದ್ತಾಳ, ಅಲ್ಲಿ ಲ್ಯಾಬ್‌ನಾಗ ಓವನ್ ಅದ ಅಂದಳು. ಸೋಮವಾರ ಕಟ್ಟಿಗಿ ಕೊಟ್ಟು ಕಳಸ್ತೀನಿ ಸರ್.